ಅಯ್ಯಪ್ಪನ ನಾಯಿಗಳು ಕಾದ ಕಾಡು: ಕೊಡಗಿನ ದೇವರಕಾಡುಗಳ ಒಂದು ಪ್ರಕರಣ ಅಧ್ಯಯನ

ವಿರಾಜಪೇಟೆ ಕಡೆಯ ಒಂದು ಊರಿನಲ್ಲಿ ಗೆಳೆಯನ ಮನೆಗೆ ಹೋಗಿದ್ದಾಗ ಅವನ ಅಪ್ಪ ನನ್ನನ್ನು ದೇವರಕಾಡು ತೋರಿಸಲು ಕರೆದುಕೊಂಡು ಹೋದರು. ಕಾಫಿ ತೋಟದ ಕಾಲುದಾರಿಯಲ್ಲಿ ಹತ್ತು ನಿಮಿಷ ನಡೆದಿರಬೇಕು. ಎರಡೂ ಕಡೆ ಸಿಲ್ವರ್ ಓಕ್ ಮರಗಳು ಸಾಲು ತಪ್ಪದೆ ನಿಂತಿದ್ದವು, ಮೈತುಂಬ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು. ಒಂದು ಕಡೆ ಸಾಲು ಮುಗಿಯಿತು, ಬಿಸಿಲೂ ಮುಗಿಯಿತು. ಅಲ್ಲಿ ಅವರು ಮಾತು ನಿಲ್ಲಿಸಿ ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. "ನೋಡ್ಕೊಂಡು ಬಾಪ್ಪ, ಬಳ್ಳಿ ಗಿಳ್ಳಿ ಎಳೀಬೇಡ" ಎನ್ನುತ್ತ ಮುಂದೆ ನಡೆದರು.

ಒಳಗೆ ಗುಡಿ ಎನ್ನುವಂಥದ್ದೇನೂ ಇರಲಿಲ್ಲ. ದೊಡ್ಡ ಮರವೊಂದರ ಬುಡದಲ್ಲಿ ಕಾಡುಗಲ್ಲಿನ ಕಟ್ಟೆ, ಕಟ್ಟೆಯ ಸುತ್ತ ಮಣ್ಣಿನ ನಾಯಿಗಳು. ಹೊಸವು ಇನ್ನೂ ಹೆಂಚಿನ ಕೆಂಪಲ್ಲಿದ್ದವು. ಹಳೆಯವಕ್ಕೆ ಪಾಚಿ ಕಟ್ಟಿ, ಕಿವಿ ಮುರಿದಿತ್ತು. ಇನ್ನೂ ಹಳೆಯವು ತರಗೆಲೆಯಲ್ಲಿ ಕುತ್ತಿಗೆವರೆಗೆ ಹೂತು ಬರೀ ಮೂತಿ ಕಾಣುತ್ತಿತ್ತು. ಇಲ್ಲಿಯ ದೇವರು ಅಯ್ಯಪ್ಪ, ಬೇಟೆಗಾರ. ಬೇಟೆಗಾರನಿಗೆ ನಾಯಿಯೇ ಹರಕೆ. ಹಸು ಕಳೆದುಹೋಗಿ ಸಿಕ್ಕಿದ್ದಕ್ಕೆ ಒಂದು, ಮಗುವಿನ ಜ್ವರ ಇಳಿದಿದ್ದಕ್ಕೆ ಒಂದು. ಊರಿನ ಕಷ್ಟಸುಖಗಳೆಲ್ಲ ಮಣ್ಣಿನ ನಾಯಿಗಳಾಗಿ ಅಲ್ಲಿ ಕೂತಿದ್ದವು.

ದಾರಿಗೆ ಅಡ್ಡ ಬಂದ ಜೇಡನ ಬಲೆ ಸರಿಸಲು ನಾನೊಂದು ಒಣಕಡ್ಡಿ ಎತ್ತಿಕೊಂಡಿದ್ದೆ. ಹೊರಡುವಾಗಲೂ ಅದು ಕೈಯಲ್ಲೇ ಇತ್ತು. "ಅದನ್ನ ಇಲ್ಲೇ ಬಿಟ್ಟು ಬಾ" ಅಂದರು. ಗದರಿದ ಹಾಗಲ್ಲ, ಮನೆಯೊಳಗೆ ಹೊಸಿಲು ತುಳಿಯಬೇಡ ಅಂದ ಹಾಗೆ. ನಾನು ಕಡ್ಡಿಯನ್ನು ತರಗೆಲೆಯ ಮೇಲಿಟ್ಟು ಬಂದೆ. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡ ಮೇಲೆ ಅವರು ಇಳಿಜಾರಿನ ಕಡೆ ಕೈ ತೋರಿಸಿ ಹೇಳಿದರು: "ನಾವು ಸಣ್ಣವರಿದ್ದಾಗ ಕಾಡು ಆ ತೋಡಿನ ತನಕ ಇತ್ತು." ತೋಡು, ಅಂದರೆ ಹಳ್ಳ, ಅಲ್ಲಿಂದ ತುಂಬ ಕೆಳಗಿತ್ತು. ನಡುವೆ ಇದ್ದದ್ದೆಲ್ಲ ಕಾಫಿ. ಅದು ಯಾರ ತೋಟವೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಾವು ನಡೆದು ಬಂದ ದಾರಿ ಆ ತೋಟದ್ದೇ.

ಒಂದು ಒಣಕಡ್ಡಿ ಹೊರಗೆ ಹೋಗಲು ಬಿಡದ ಊರು ಅಷ್ಟು ದೊಡ್ಡ ಕಾಡು ಹೋಗಲು ಹೇಗೆ ಬಿಟ್ಟಿತು? ಧರ್ಮ, ನೀತಿ, ಸಮಾಜ ಎಂಬ ದೊಡ್ಡ ಮಾತುಗಳು ಬಂದಾಗಲೆಲ್ಲ ನನಗೆ ಈ ಪ್ರಶ್ನೆಯೇ ನೆನಪಾಗುತ್ತದೆ. ಈ ಬರಹ ಅದರ ಬೆನ್ನು ಹತ್ತಿ ಹೋದದ್ದು.

ಎಂಬತ್ತು ವರ್ಷದ ಲೆಕ್ಕ

ಕೊಡಗು ಸಣ್ಣ ಜಿಲ್ಲೆ, 4,102 ಚದರ ಕಿಲೋಮೀಟರ್. ಇದರೊಳಗೆ ದಾಖಲಾದ ದೇವರಕಾಡುಗಳು 1,214. ಸರಾಸರಿ ಹಾಕಿದರೆ ಸುಮಾರು ಮೂರೂವರೆ ಚದರ ಕಿಲೋಮೀಟರಿಗೆ ಒಂದು ದೇವರಕಾಡು. ಇಷ್ಟು ಒತ್ತೊತ್ತಾಗಿ ದೇವರಕಾಡು ಇರುವ ಸೀಮೆ ಜಗತ್ತಿನಲ್ಲೇ ಅಪರೂಪ. ಅಯ್ಯಪ್ಪನವು ಹೆಚ್ಚು. ಭಗವತಿ, ಮಹಾದೇವ, ಬಸವೇಶ್ವರ, ಇನ್ನೂ ಊರೂರಿನ ಚಿಕ್ಕ ದೊಡ್ಡ ದೇವರುಗಳ ಹೆಸರಿನವೂ ಇವೆ.

1905ರಲ್ಲಿ ಈ ಕಾಡುಗಳ ಒಟ್ಟು ವಿಸ್ತಾರ 15,506 ಎಕರೆ. 1985ಕ್ಕೆ ಉಳಿದದ್ದು 6,299 ಎಕರೆ. ಎಂಬತ್ತು ವರ್ಷದಲ್ಲಿ 9,207 ಎಕರೆ, ಅಂದರೆ ನೂರಕ್ಕೆ ಐವತ್ತೊಂಬತ್ತು ಪಾಲು ಕೈಬಿಟ್ಟಿತು. ಉಳಿದದ್ದನ್ನು 1,214 ದೇವರಿಗೆ ಹಂಚಿದರೆ ಒಬ್ಬೊಬ್ಬರಿಗೆ ಐದು ಎಕರೆ ಚಿಲ್ಲರೆ. ಒಂದು ಸಣ್ಣ ತೋಟದಷ್ಟು.

ಇದಕ್ಕೆ ಎಲ್ಲರ ಬಾಯಲ್ಲೂ ಬರುವ ಉತ್ತರ ಒಂದೇ: "ಹಿಂದಿನವರಿಗೆ ದೇವರ ಭಯ ಇತ್ತು, ಈಗಿನವರಿಗೆ ಇಲ್ಲ." ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಆ ಒಣಕಡ್ಡಿಯ ದಿನದಿಂದ ನಂಬಿಕೆ ಸಡಿಲವಾಯಿತು. ಭಯ ಎಲ್ಲೂ ಹೋಗಿಲ್ಲ, ಹೊಸ ನಾಯಿಗಳು ಬಂದು ಕೂರುತ್ತಲೇ ಇವೆ. ಹಬ್ಬಕ್ಕೆ ಬೆಂಗಳೂರಿನಿಂದ, ದುಬೈಯಿಂದ ರಜೆ ಹಾಕಿ ಬರುವವರಿದ್ದಾರೆ. ಭಕ್ತಿ ಇದ್ದೂ ಕಾಡು ಹೋಯಿತು ಎಂದಾದರೆ ಕಾಡನ್ನು ಹಿಡಿದು ನಿಲ್ಲಿಸಿದ್ದು ಬರೀ ಭಕ್ತಿಯಲ್ಲ, ಅದರ ಜೊತೆಗಿದ್ದ ಇನ್ನೇನೋ.

ಹಿಡಿದು ನಿಲ್ಲಿಸಿದ್ದು ಏನು

ಕಾಡು ದೇವರದ್ದು ಎನ್ನುವುದು ಕೊಡಗಿನ ಊರುಗಳಲ್ಲಿ ಸುಮ್ಮನೆ ಆಡುವ ಮಾತಾಗಿರಲಿಲ್ಲ, ಆಸ್ತಿಯ ವ್ಯವಸ್ಥೆಯೇ ಹಾಗಿತ್ತು. ಒಕ್ಕಗಳಿಗೆ, ಅಂದರೆ ಮನೆತನಗಳಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮದ ಗದ್ದೆ ಇತ್ತು. ಗದ್ದೆಗೆ ಅಂಟಿದ ಹಾಗೆ ಬಾಣೆ ಇತ್ತು, ಸೊಪ್ಪು ಸೌದೆಗೆ, ದನ ಮೇಯಿಸಲಿಕ್ಕೆ. ಬೇಕಾದ್ದಕ್ಕೆಲ್ಲ ಬಾಣೆ ಇದ್ದುದರಿಂದ ದೇವರ ನೆಲವನ್ನು ಮುಟ್ಟದೆ ಬಿಡುವುದು ಹೊಟ್ಟೆಗೆ ಬರೆ ಎಳೆದುಕೊಂಡ ಹಾಗೆ ಆಗುತ್ತಿರಲಿಲ್ಲ. ಈ ಮಾತನ್ನು ಮರೆತು ಹಿಂದಿನವರ ಭಕ್ತಿಯನ್ನಷ್ಟೇ ಹೊಗಳಿದರೆ ಪ್ರಯೋಜನವಿಲ್ಲ. ಹಸಿದವನಿಗೆ ಹಾಕಿದ ಬೇಲಿ ಎಷ್ಟು ದಿನ ನಿಲ್ಲುತ್ತದೆ?

ಎರಡನೆಯದು, ಕಾಡಿಗೊಂದು ಮುಖ ಇತ್ತು. ಪ್ರತಿ ಊರಿಗೂ ತಕ್ಕರಿದ್ದಾರೆ. ದೇವಸ್ಥಾನಕ್ಕೆ, ಊರಿಗೆ, ನಾಡಿಗೆ ಬೇರೆ ಬೇರೆ ತಕ್ಕ ಮನೆತನಗಳು. ಹಬ್ಬದ ದಿನ ಗೊತ್ತುಮಾಡುವುದು, ವ್ಯಾಜ್ಯ ಕೇಳುವುದು, ತಪ್ಪು ಮಾಡಿದವರನ್ನು ಕರೆಸುವುದು ಅವರ ಕೆಲಸ. ಮರ ಕಡಿದವನ ಸುದ್ದಿ ದೇವರಿಗೆ ಮುಟ್ಟುವ ಮೊದಲೇ ತಕ್ಕರಿಗೆ ಮುಟ್ಟುತ್ತಿತ್ತು. ಅವನು ದೇವರ ಮುಂದೆ ಊರವರೆಲ್ಲ ನೋಡುವಂತೆ ತಪ್ಪುಕಾಣಿಕೆ ಹಾಕಬೇಕಿತ್ತು. ಈ ತಪ್ಪುಕಾಣಿಕೆ ಎಂಬ ಮಾತು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ದಂಡ ಕಟ್ಟಿದವನು ದುಡ್ಡು ಕಳೆದುಕೊಂಡು ಸಿಟ್ಟಿನಲ್ಲಿ ಮನೆಗೆ ಹೋಗುತ್ತಾನೆ. ತಪ್ಪುಕಾಣಿಕೆ ಹಾಕಿದವನು ಅಲ್ಲೇ ಪ್ರಸಾದ ತೆಗೆದುಕೊಂಡು ಎಲ್ಲರ ಸಾಲಿನಲ್ಲಿ ಊಟಕ್ಕೆ ಕೂರುತ್ತಾನೆ. ತಪ್ಪು ಹೊರಗೆ ಬಂತು, ಅದಕ್ಕೊಂದು ಬೆಲೆ ಬಿತ್ತು, ಮನುಷ್ಯ ಮಾತ್ರ ಒಳಗೇ ಉಳಿದ. ನಾಳೆ ಇನ್ನೊಬ್ಬ ಕೊಡಲಿ ಎತ್ತಿದರೆ ತಡೆಯುವವರಲ್ಲಿ ಇವನೂ ಒಬ್ಬನಾಗುತ್ತಾನೆ.

ಇನ್ನೊಂದು ಕಟ್ಟು. ಕೆಲವು ನಾಡುಗಳಲ್ಲಿ ದೊಡ್ಡ ಹಬ್ಬಕ್ಕೆ ಮುಂಚೆ ದೇವಕಟ್ಟು ಬೀಳುತ್ತದೆ. ಕಟ್ಟು ಬಿದ್ದ ದಿನದಿಂದ ಹಬ್ಬ ಮುಗಿಯುವವರೆಗೆ ಹಸಿಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಮದುವೆ ಮುಂಜಿ ಮಾಡುವಂತಿಲ್ಲ. ತಮ್ಮ ತೋಟದ ಮರಕ್ಕೂ ಇದು ಅನ್ವಯ. ಇಲ್ಲಿ ಯಾರೂ ಪೊಲೀಸರಿಲ್ಲ. ಆದರೆ ಕಟ್ಟು ಬಿದ್ದಾಗ ಗರಗಸದ ಸದ್ದು ಕೇಳಿದರೆ ಇಡೀ ಊರಿಗೆ ಕೇಳುತ್ತದೆ. ವರ್ಷಕ್ಕೊಮ್ಮೆ ಹದಿನೈದೋ ಇಪ್ಪತ್ತೋ ದಿನ ಎಲ್ಲರೂ ಒಟ್ಟಿಗೆ ಕೈ ಕಟ್ಟಿಕೊಂಡು ಕೂರುವ ಈ ಅಭ್ಯಾಸವೇ ಉಳಿದ ದಿನಗಳಿಗೂ ಒಂದು ಸಂಕೋಚವನ್ನು ಕಲಿಸುತ್ತಿತ್ತು ಎಂದು ನನ್ನ ಅನಿಸಿಕೆ.

ಹಬ್ಬಕ್ಕೆ ಎಲ್ಲರೂ ಬೇಕು. ಮೇದರು ಡೋಲು ಬಾರಿಸದೆ, ಬಣ್ಣರೋ ಪಣಿಕರೋ ಮುಖಕ್ಕೆ ಬಣ್ಣ ಬರೆದು ತೆರೆ ಕಟ್ಟದೆ, ಅಂದರೆ ದೇವರ ವೇಷ ತೊಟ್ಟು ಕುಣಿಯದೆ, ಹಬ್ಬವಿಲ್ಲ. ಇದನ್ನು ಸಮಾನತೆ ಎಂದು ಕರೆದರೆ ಸುಳ್ಳಾಗುತ್ತದೆ. ಯಾರು ಎಲ್ಲಿ ನಿಲ್ಲಬೇಕು, ಯಾರು ಎಷ್ಟು ದೂರ ನಿಲ್ಲಬೇಕು ಎಂಬ ಜಾತಿಯ ಗೆರೆ ದೇವರಕಾಡಿನ ಒಳಗೂ ಇತ್ತು, ಗಟ್ಟಿಯಾಗಿಯೇ ಇತ್ತು. ಆದರೂ ಕಾಡು ಹೋದರೆ ಮೇದರಿಗೂ ಗೊತ್ತಾಗುತ್ತಿತ್ತು, ಒಕ್ಕದ ಹಿರಿಯನಿಗೂ ಗೊತ್ತಾಗುತ್ತಿತ್ತು. ಕಣ್ಣುಗಳು ಹಲವು ಇದ್ದವು.

ನನಗೆ ಕಾಣುವುದು ಇಷ್ಟು: ಊರು ತನ್ನನ್ನು ತಾನೇ ಕಾದುಕೊಳ್ಳಲು ಇಟ್ಟುಕೊಂಡ ಹೆಸರು ಅಯ್ಯಪ್ಪ. ದೇವರು ಇಲ್ಲ ಎಂಬ ಅರ್ಥದಲ್ಲಿ ಇದನ್ನು ಹೇಳುತ್ತಿಲ್ಲ. ಆ ಕಟ್ಟೆಯ ಮುಂದೆ ನಿಂತಾಗ ನನಗೂ ಕೈ ತಾನಾಗಿ ಜೋಡಿತು. ಆದರೆ ದೇವರ ಕಣ್ಣು ನೆಟ್ಟದ್ದು ಊರಿನ ಕಣ್ಣುಗಳ ಮೂಲಕ.

ಕಡತ ಬಂತು

1834ರಲ್ಲಿ ಕೊಡಗು ಹಾಲೇರಿ ಅರಸರ ಕೈಯಿಂದ ಇಂಗ್ಲಿಷರ ಕೈಗೆ ಹೋಯಿತು. ಇಪ್ಪತ್ತು ವರ್ಷದಲ್ಲಿ, 1854ರಲ್ಲಿ, ಮಡಿಕೇರಿಯ ಹತ್ತಿರ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದಿತು. ಬೆಟ್ಟದ ಇಳಿಜಾರಿಗೆ ರೊಕ್ಕದ ಬೆಲೆ ಬಂತು. 1905ರಲ್ಲಿ ದೇವರಕಾಡುಗಳ ಹೊಣೆ ಕಂದಾಯ ಇಲಾಖೆಗೆ ಹೋಯಿತು. ಅಲ್ಲಿಂದ 1985ರವರೆಗೆ ಅದರ ಬಳಿಯೇ ಇತ್ತು. ಮೇಲೆ ಹೇಳಿದ 9,207 ಎಕರೆ ಕರಗಿದ್ದು ಇದೇ ಎಂಬತ್ತು ವರ್ಷದಲ್ಲಿ.

ಕಂದಾಯದವರು ಕೆಟ್ಟವರೆಂದು ಹೇಳುವುದು ಸುಲಭ, ಅದರಿಂದ ಏನೂ ತಿಳಿಯುವುದಿಲ್ಲ. ಕಂದಾಯದ ಕಣ್ಣಿಗೆ ನೆಲ ಎಂದರೆ ಉತ್ಪತ್ತಿ. ಉತ್ತರೆ ಕಂದಾಯ, ನೆಟ್ಟರೆ ಕಂದಾಯ. ಏನೂ ಬೆಳೆಯದೆ, ಯಾರ ಹೆಸರಿಗೂ ಇಲ್ಲದೆ, ಸುಮ್ಮನೆ ದೇವರ ಹೆಸರು ಹೇಳಿಕೊಂಡು ಬಿದ್ದಿರುವ ನೆಲ ಅದಕ್ಕೆ ಅರ್ಥವಾಗುವ ಭಾಷೆಯಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಊರಿನ ಒಳಗೆ. ಅಲ್ಲಿಯವರೆಗೆ ಒಂದು ಅಡಿ ಕಾಡು ಬೇಕಾದವನು ತಕ್ಕರ ಮುಂದೆ, ದೇವರ ಮುಂದೆ, ನೆರೆಯವನ ಮುಂದೆ ನಿಂತು ಕೇಳಬೇಕಿತ್ತು. ಕೇಳುವುದಕ್ಕೇ ನಾಚಿಕೆ. ಈಗ ತಾಲ್ಲೂಕು ಕಚೇರಿಗೆ ಒಂದು ಅರ್ಜಿ ಸಾಕು. ಅಲ್ಲಿ ಕೂತ ಗುಮಾಸ್ತನಿಗೆ ಆ ಕಾಡಿನ ನಾಯಿಗಳು ಗೊತ್ತಿಲ್ಲ. ಕೊಡಲಿ ಹಿಡಿದ ಕೈಗೆ ಪಾಪ ಅಂಟುತ್ತದೆ ಎಂದು ಎಲ್ಲರೂ ಒಪ್ಪಿದ್ದರು. ಅರ್ಜಿ ಹಿಡಿದ ಕೈಗೂ ಅಂಟುತ್ತದೆ ಎಂದು ಯಾರೂ ಹೇಳಿರಲಿಲ್ಲ, ಏಕೆಂದರೆ ಆ ಕಟ್ಟಳೆಗಳು ಹುಟ್ಟಿದ ಕಾಲದಲ್ಲಿ ಅರ್ಜಿಯೇ ಇರಲಿಲ್ಲ.

ಕಾಫಿಯ ಸ್ವಭಾವವೂ ಇದಕ್ಕೆ ಒದಗಿ ಬಂತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೊಡಗಿನ ಕಾಫಿ ನೆರಳಿನ ಬೆಳೆ. ಗದ್ದೆ ಮಾಡಬೇಕಾದರೆ ಮರ ಕಡಿಯಲೇಬೇಕು, ಕಾಫಿಗೆ ಹಾಗಲ್ಲ. ಮೊದಲ ವರ್ಷ ಬೇಲಿಯಾಚೆಯ ಕುರುಚಲು ಸವರಿದರಾಯಿತು. ದೊಡ್ಡ ಮರ ಒಂದನ್ನೂ ಮುಟ್ಟಿಲ್ಲ, ದೇವರು ಮುನಿಯುವಂಥದ್ದು ಏನಾಯಿತು? ಎರಡನೆಯ ವರ್ಷ ಆ ನೆರಳಿಗೆ ಕಾಫಿ ಗಿಡ. ಮೂರು ನಾಲ್ಕು ವರ್ಷಕ್ಕೆ ಗಿಡಕ್ಕೆ ಬೆಳಕು ಸಾಲದು ಎಂದು ಮರ ಕಪಾತು. ಕೊಂಬೆ ಕಳೆದುಕೊಂಡ ಮರ ಗಾಳಿಮಳೆಗೆ ತಾನಾಗಿ ಬೀಳುತ್ತದೆ. ಬಿದ್ದ ಜಾಗಕ್ಕೆ ಸಿಲ್ವರ್ ಓಕ್. ಹತ್ತು ಹದಿನೈದು ವರ್ಷದಲ್ಲಿ ಹೆಬ್ಬಲಸು, ಧೂಪ, ಗೋಣಿ, ನೇರಳೆ ಇದ್ದ ಕಡೆ ತೋಟ ನಿಂತಿರುತ್ತದೆ. ದೇವರ ಮರಕ್ಕೆ ಕೊಡಲಿ ಹಾಕಿದವರು ಯಾರೆಂದು ಕೇಳಿದರೆ ಯಾರೂ ಇಲ್ಲ. ಕಟ್ಟಳೆಯ ಮಾತು ಉಳಿಯಿತು, ಕಟ್ಟಳೆ ಕಾಯುತ್ತಿದ್ದದ್ದು ಉಳಿಯಲಿಲ್ಲ. ಧರ್ಮ ಎಲ್ಲೆಲ್ಲಿ ಸೋತಿದೆಯೋ ಅಲ್ಲಿ ಬಹಳ ಸಲ ಹೀಗೇ ಸೋತಿದೆ. ಯಾರೂ ಅದನ್ನು ಮುರಿಯುವುದಿಲ್ಲ, ಅದರ ಪಕ್ಕದಲ್ಲಿ ನಡೆದು ಹೋಗುತ್ತಾರೆ.

ಗುಡಿ ಬೆಳೆದಂತೆ

ಇನ್ನೊಂದು ಕಾರಣ ಬರೆಯಲು ನನಗೆ ಕಷ್ಟ. ಏಕೆಂದರೆ ಇದರಲ್ಲಿ ತೊಡಗಿದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ತೊಡಗಿದವರು.

ಮೈಸೂರಿನ ಎಂ.ಎನ್. ಶ್ರೀನಿವಾಸರು ಕೊಡಗಿನ ಜನರ ಧರ್ಮವನ್ನು ಅಭ್ಯಾಸ ಮಾಡುತ್ತಲೇ 'ಸಂಸ್ಕೃತೀಕರಣ' ಎಂಬ ಮಾತನ್ನು ಸಮಾಜಶಾಸ್ತ್ರಕ್ಕೆ ಕೊಟ್ಟವರು. ಊರಿನ ದೇವರು ಮೆಲ್ಲಗೆ ಶಾಸ್ತ್ರದ ದೇವರಾಗುವ, ಊರಿನ ರೀತಿ ಮೇಲುಜಾತಿಯ ರೀತಿಗೆ ತಿರುಗುವ ಕ್ರಿಯೆ ಅದು. ದೇವರಕಾಡಿನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಮರದ ಬುಡದ ಕಟ್ಟೆಗೆ ಮಾಡು ಬರುತ್ತದೆ. ಮಾಡಿನ ಕೆಳಗೆ ಕಲ್ಲಿನ ಬದಲು ವಿಗ್ರಹ. ವಿಗ್ರಹಕ್ಕೆ ದಿನಪೂಜೆ, ಪೂಜೆಗೆ ಅರ್ಚಕರು, ಅವರಿಗೆ ವಸತಿ. ಆಮೇಲೆ ಅಡುಗೆಮನೆ, ಸಭಾಂಗಣ, ವಾಹನ ನಿಲ್ಲಿಸಲು ಜಾಗ, ಅಂಗಳಕ್ಕೆ ಸಿಮೆಂಟು. ಹಿಂದೆ ಕಾಡಿನೊಳಗೊಂದು ದೇವರಿತ್ತು. ಈಗ ದೇವಸ್ಥಾನದ ಹಿಂದೆ ನಾಲ್ಕು ಮರ. ಕರಾವಳಿಯ ನಾಗಬನಗಳಲ್ಲೂ ಇದೇ ಕಥೆ. ಎಷ್ಟೋ ಕಡೆ ಬನ ಹೋಗಿ ಟೈಲ್ಸ್ ಹಾಕಿದ ಕಟ್ಟೆ ಉಳಿದಿದೆ, ಬಿಸಿಲಿಗೆ ಕಾದ ಕಟ್ಟೆಯ ಮೇಲೆ ನಾಗನ ಕಲ್ಲು.

ಗುಡಿ ಕಟ್ಟಬಾರದು ಎಂದು ಹೇಳುವ ಹಕ್ಕು ನನಗಿಲ್ಲ. ಮಳೆಯಲ್ಲಿ ನೆನೆಯುವ ದೇವರಿಗೆ ಸೂರು ಮಾಡೋಣ ಎನ್ನುವ ಪ್ರೀತಿಯನ್ನು ಹೇಗೆ ಅಲ್ಲಗಳೆಯಲಿ? ಆದರೆ ಜೀರ್ಣೋದ್ಧಾರ ಎಂಬ ಮಾತಿನ ಅರ್ಥ ಹಳೆಯದನ್ನು ಎತ್ತಿ ನಿಲ್ಲಿಸುವುದು. ಕಾಡೇ ಗುಡಿಯಾಗಿದ್ದ ಕಡೆ ಜೀರ್ಣವಾಗಿರುವುದು ಕಾಡು. ಚಂದಾ ಪುಸ್ತಕ ಹಿಡಿದು ಬರುವವರಿಗೆ ನಾನು ಇಷ್ಟನ್ನು ಕೈಮುಗಿದು ಹೇಳುತ್ತೇನೆ.

ಎರಡು ಬಗೆಯ ಒತ್ತುವರಿ

'ದೇವರಕಾಡು ಒತ್ತುವರಿ' ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಅದರಡಿ ಎರಡು ತೀರ ಬೇರೆ ಸಂಗತಿಗಳಿವೆ. ಒಂದು, ಇದ್ದ ತೋಟವನ್ನು ಹಿಗ್ಗಿಸಿಕೊಂಡವರದ್ದು. ಇನ್ನೊಂದು, ಕಾಲೂರಲು ನೆಲವೇ ಇಲ್ಲದವರದ್ದು.

ಯರವರು, ಜೇನುಕುರುಬರು, ಬೆಟ್ಟಕುರುಬರು ಈ ಕಾಡುಗಳನ್ನು ಎಲ್ಲರಿಗಿಂತ ಮೊದಲು ಬಲ್ಲವರು. ಅವರಲ್ಲಿ ಬಹಳ ಮಂದಿ ತಲೆಮಾರುಗಳಿಂದ ತೋಟದ ಲೈನ್‌ಮನೆಗಳಲ್ಲಿ ಬದುಕಿದ್ದಾರೆ. ಲೈನ್‌ಮನೆ ತೋಟದವರದ್ದು. ಕೆಲಸ ಬಿಟ್ಟರೆ ಮನೆ ಬಿಡಬೇಕು. ಮುದುಕರಾದ ಮೇಲೆ, ಮಾಲೀಕರ ಜೊತೆ ಮಾತು ಕೆಟ್ಟ ಮೇಲೆ ಅವರು ಎಲ್ಲಿಗೆ ಹೋಗಬೇಕು? ಪೈಸಾರಿ ಎಂಬ ಸರಕಾರಿ ಬೀಳು ನೆಲದಲ್ಲಿ, ದೇವರಕಾಡಿನ ಅಂಚಿನಲ್ಲಿ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಏಳುತ್ತದೆ. 2016ರ ಡಿಸೆಂಬರಿನಲ್ಲಿ ಕೊಡಗಿನದೇ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ನೂರಾರು ಗುಡಿಸಲು ಕೆಡವಿದ್ದು ರಾಜ್ಯಕ್ಕೆಲ್ಲ ಸುದ್ದಿಯಾಯಿತು. ಅದು ದೇವರಕಾಡಲ್ಲ, ಆದರೆ ಅಲ್ಲಿ ಎದ್ದ ಪ್ರಶ್ನೆ ಇದೇ.

ಇಲ್ಲಿ ನಾನು ಪಕ್ಷ ವಹಿಸುತ್ತೇನೆ. ಮೂವತ್ತು ಎಕರೆ ತೋಟವಿದ್ದೂ ದೇವರ ಎರಡು ಎಕರೆ ಸೇರಿಸಿಕೊಂಡವನನ್ನೂ ಎರಡು ಸೆಂಟ್‌ನಲ್ಲಿ ಒಲೆ ಹೂಡಿದ ಯರವ ಅಜ್ಜಿಯನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಅನ್ಯಾಯ. ಮನೆ ಕೊಡದೆ ಅವಳನ್ನು ಎಬ್ಬಿಸುವುದಕ್ಕೆ ಅಯ್ಯಪ್ಪನ ಹೆಸರು ಬಳಸುವುದು ಅದಕ್ಕಿಂತ ದೊಡ್ಡ ತಪ್ಪು.

ಅಯ್ಯಪ್ಪನಿಗೂ ಇವರಿಗೂ ಹಳೆಯ ಲೆಕ್ಕವೊಂದಿದೆ. ಗೋಣಿಕೊಪ್ಪದ ಕಡೆ ದೇವರಪುರದಲ್ಲಿ ಪ್ರತಿ ಮೇ ತಿಂಗಳು ಕುಂಡೆ ಹಬ್ಬ ನಡೆಯುತ್ತದೆ. ಕಥೆ ಹೀಗಿದೆ: ಅಯ್ಯಪ್ಪ ಕಾಡಿನ ಜನರನ್ನು ಜೊತೆಗೆ ಕರೆದುಕೊಂಡು ಬೇಟೆಗೆ ಹೊರಟ. ದಾರಿಯಲ್ಲಿ ಭದ್ರಕಾಳಿ ಸಿಕ್ಕಳು. ಅವಳ ಹಿಂದೆ ಹೋದವನು ನಂಬಿ ಬಂದವರನ್ನು ನಡುಕಾಡಿನಲ್ಲಿ ಮರೆತುಬಿಟ್ಟ. ಆ ಸಿಟ್ಟಿಗೆ ವರ್ಷಕ್ಕೊಂದು ದಿನ ಅವರು ದೇವರನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾರೆ. ಗಂಡಸರು ಹೆಂಗಸರ ಉಡುಗೆ ತೊಟ್ಟು, ಹರಕು ಡಬ್ಬ ಸೋರೆಬುರುಡೆ ಬಡಿಯುತ್ತ, ರಸ್ತೆಯಲ್ಲಿ ಹೋಗುವವರನ್ನೆಲ್ಲ ತಡೆದು ಬೈದು ಕಾಸು ಕೇಳುತ್ತಾರೆ. ಕೂಡಿದ ಹಣದಲ್ಲಿ ದೇವರಿಗೂ ಕಾಣಿಕೆ ಹಾಕುತ್ತಾರೆ.

ಹೊರಗಿನವರಿಗೆ ಇದು ಬರೀ ಗಲಾಟೆಯಂತೆ ಕಾಣಬಹುದು. ನನಗೆ ಇದರಷ್ಟು ಗಂಭೀರವಾದ ಹಬ್ಬ ಇನ್ನೊಂದಿಲ್ಲ. ಮಾತು ಕೊಟ್ಟು ತಪ್ಪಿದರೆ ದೇವರಾದರೂ ಕೇಳಿಸಿಕೊಳ್ಳಬೇಕು ಎನ್ನುವ ಧೈರ್ಯ ಅದರಲ್ಲಿದೆ. ಕಾಡು ಕಾಯುವ ಹೊಣೆಯನ್ನು ಒಂದು ಸಮುದಾಯಕ್ಕೆ ಕೊಟ್ಟು, ಕಾಡಿನ ಆಸ್ತಿಯಿಂದ ಅದನ್ನು ಹೊರಗಿಟ್ಟರೆ, ಆ ಧರ್ಮದಲ್ಲಿ ಎಲ್ಲೋ ಲೆಕ್ಕ ತಪ್ಪಿದೆ ಎಂದು ಅದು ಪ್ರತಿ ವರ್ಷ ಸಾರಿ ಹೇಳುತ್ತದೆ.

1985ರ ನಂತರ

1985ರಲ್ಲಿ ದೇವರಕಾಡುಗಳು ಅರಣ್ಯ ಇಲಾಖೆಗೆ ಬಂದವು. ಇಲಾಖೆ ಗಡಿ ಗುರುತಿಸಿತು, ಕೆಲವೆಡೆ ಬೇಲಿ ಹಾಕಿತು, ಊರಿನವರ ಸಮಿತಿಗಳನ್ನೂ ಮಾಡಿತು. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಡೆತನ ಯಾರದ್ದೇ ಇರಲಿ, ಕಾಡಿನಂತಿರುವುದೆಲ್ಲ ಕಾಡೇ ಎಂದ ಮೇಲೆ ಕಾನೂನಿನ ಬಲವೂ ಹೆಚ್ಚಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ರಾಜಸ್ಥಾನದ ಓರಣಗಳನ್ನು, ಅಂದರೆ ಅಲ್ಲಿಯ ದೇವರಕಾಡುಗಳನ್ನು, ಗುರುತಿಸಿ ನಕ್ಷೆ ಮಾಡಬೇಕೆಂದು ಆದೇಶಿಸಿದೆ.

ಇದರಿಂದ ಒಳ್ಳೆಯದಾಗಿದೆ. ಉಳಿದ ತುಂಡುಗಳೂ ಬರೀ ನೆನಪಿನ ಗುರುತುಗಳಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಮತ್ತು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳಿವಿನಂಚಿನ ಮರಗಳು ಮೀಸಲು ಅರಣ್ಯಕ್ಕಿಂತ ದೇವರಕಾಡುಗಳಲ್ಲೇ ಹೆಚ್ಚು ಕಂಡವು. ಐದು ಎಕರೆಯ ತುಂಡಿನಲ್ಲಿ! ಮಂಗಟ್ಟೆ ಹಕ್ಕಿ ಒಂದು ತುಂಡಿನಲ್ಲಿ ಹಣ್ಣು ತಿಂದು ಇನ್ನೊಂದು ತುಂಡಿನಲ್ಲಿ ಬೀಜ ಬೀಳಿಸುತ್ತದೆ. ನಡುವಿನ ತೋಟಗಳಲ್ಲಿ ನಾಡಮರಗಳ ನೆರಳು ಉಳಿದಿದ್ದರೆ ಅದಕ್ಕೆ ಅಷ್ಟು ದಾರಿ ಸಾಕು.

ಆದರೆ ಅರಣ್ಯ ಇಲಾಖೆಯೂ ಕಚೇರಿಯೇ. ಇಲಾಖೆಯ ಹಳದಿ ಫಲಕ ಬಿದ್ದ ಮೇಲೆ "ಅದು ಫಾರೆಸ್ಟ್‌ನವರದ್ದು" ಎನ್ನುವ ಮಾತು ಊರಿನ ಬಾಯಿಗೆ ಬಂದುಬಿಟ್ಟರೆ, 1905ರಲ್ಲಿ ಆದದ್ದೇ ಇನ್ನೊಮ್ಮೆ ಆದಂತೆ. ಕಂದಾಯದವರ ಬದಲು ಗಾರ್ಡ್ ಬರುತ್ತಾನೆ, ಅಷ್ಟೇ. ಊರವರ ನಾಚಿಕೆ ಮಾಡುತ್ತಿದ್ದ ಕೆಲಸವನ್ನು ಗಾರ್ಡ್ ಮಾಡಲಾರ. ಹಾಗೆಂದು ಗಾರ್ಡ್ ಬೇಡ, ಎಲ್ಲ ತಕ್ಕರಿಗೇ ಬಿಡಿ ಎಂದರೂ ಆಗದು. ಅರ್ಧ ಊರು ಬೆಂಗಳೂರಿನಲ್ಲಿದೆ. ಇದ್ದ ಊರಲ್ಲಿ ಹೊಸಬರಿದ್ದಾರೆ, ಬೇರೆ ದೇವರನ್ನು ನಂಬುವವರಿದ್ದಾರೆ, ಹಳೆಯ ಗೆರೆಗಳ ಆಚೆ ಇನ್ನು ನಿಲ್ಲುವುದಿಲ್ಲ ಎನ್ನುವವರಿದ್ದಾರೆ. ಇವರೆಲ್ಲ ಸೇರಿದ ಕಣ್ಣು ಬೇಕು. ಕಾಡಿನ ತೋಡಿನ ನೀರು ಕುಡಿಯುವವರೆಲ್ಲ ಆ ಕಾಡಿನ ಲೆಕ್ಕ ಕೇಳುವ ಹಕ್ಕುದಾರರು ಎಂದರೆ ಅಯ್ಯಪ್ಪ ಬೇಡ ಎನ್ನಲಾರ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ ಎಂದು ನನ್ನ ಭಾವನೆ. ಹಬ್ಬ ಮುಗಿದ ಮೇಲೆ ಖರ್ಚುವೆಚ್ಚ ಓದುತ್ತಾರಲ್ಲ, ಶಾಮಿಯಾನಕ್ಕೆ ಇಷ್ಟು, ಹೂವಿಗೆ ಇಷ್ಟು ಎಂದು. ಅದೇ ಸಭೆಯಲ್ಲಿ, ಅದೇ ಪುಸ್ತಕದಿಂದ, ಕಾಡಿನ ಸರ್ವೆ ನಂಬರನ್ನೂ ದಾಖಲೆಯಲ್ಲಿರುವ ಎಕರೆ ಸೆಂಟನ್ನೂ ಓದಬೇಕು. ಓದಿ ಎಲ್ಲರೂ ಒಟ್ಟಿಗೆ ಗಡಿಯ ಮೇಲೆ ಒಂದು ಸುತ್ತು ನಡೆದು ಬರಬೇಕು. ಹೆಂಗಸರೂ ಮಕ್ಕಳೂ ಯರವರೂ ಜೊತೆಗಿರಬೇಕು. ಕಲ್ಲು ಸರಿದಿದ್ದರೆ ಸರಿದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಸರಿಸಿದವನಿಗೆ ಜೈಲು ಬೇಡ, ತಪ್ಪುಕಾಣಿಕೆ ಇದ್ದೇ ಇದೆ.

ಅವತ್ತು ಸಂಜೆ ಜಗುಲಿಯಲ್ಲಿ ಕೂತು ಕಾಫಿ ಕುಡಿಯುವಾಗ ಈ ಮಾತನ್ನು ಗೆಳೆಯನ ಅಪ್ಪನ ಮುಂದೆ ಹೇಳಿದೆ. ಅವರ ಅಜ್ಜ ಒಪ್ಪಿಸಿದ ನಾಯಿ ಯಾವುದು, ಅದರ ಬಾಲ ಯಾವ ಮಳೆಗಾಲದಲ್ಲಿ ಮುರಿಯಿತು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಕಾಡಿನ ಸರ್ವೆ ನಂಬರ್ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ.

"ಅಳತೆ ಮಾಡಿಸಿದ್ರೆ ನಮ್ಮದೂ ಒಂದಿಷ್ಟು ಹೋಗುತ್ತೆ" ಅಂದರು.

ಯಾರೂ ಮಾತಾಡಲಿಲ್ಲ. ಒಳಗಿನಿಂದ ಅಮ್ಮ ಬಂದು ಲೋಟಗಳನ್ನು ತೆಗೆದುಕೊಂಡು ಹೋದರು. ಇಳಿಜಾರಿನ ಮೇಲೆ ದೇವರಕಾಡು ಕಪ್ಪಗೆ ಒಂದು ಗುಪ್ಪೆಯಂತೆ ಕಾಣುತ್ತಿತ್ತು, ಕೆಳಗೆ ತೋಡಿನ ಸದ್ದು.

"ಸೋಮವಾರ ನಾಡಕಚೇರಿಗೆ ಹೋಗಿ ಆ ನಂಬರ್ ತಗೊಂಡು ಬಾ" ಎಂದು ಅವರು ಮಗನಿಗೆ ಹೇಳಿದರು.